ಹಾಯಿಕಂಬ ಒಂದೋ, ಎರಡೋ?



ದೂರದ ಸಾಗರಯಾನಕ್ಕೆ ಹೊರಡುವ ಹಾಯಿದೋಣಿಗೆ ಎಂಥ ಕಂಬ ಬೇಕು? ಪ್ರಶ್ನೆ ನಾವಿಕರದು, ಉತ್ತರದ ಬಹುಪಾಲು ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿಯೇ ಇದೆ.

ಮೊದಲು ಕಂಬಗಳ ಸಂಖ್ಯೆಯನ್ನು ನೋಡೋಣ. ಒಂದು ಕಂಬ, ಅದರ ಹಿಂದೊಂದು ಮುಂದೊಂದು ಹಾಯಿ ಇದ್ದರೆ ಅದು ಸ್ಲೂಪ್. ಮುಂದೆ ದೊಡ್ಡ ಕಂಬ, ಹಿಂದೆ ಚಿಕ್ಕ ಕಂಬ ಇದ್ದರೆ ಕೆಚ್. 1968-69ರಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬಂಟಿಯಾಗಿ, ಎಲ್ಲಿಯೂ ನಿಲ್ಲದೆ 312 ದಿನಗಳಲ್ಲಿ ಭೂಮಿಯನ್ನು ಸುತ್ತಿದ 'ಸುಹೈಲಿ' ಒಂದು ಕೆಚ್. ಅದು ಮುಂಬೈಯಲ್ಲಿ ತೇಗದ ಮರದಿಂದ ಕಟ್ಟಿದ ದೋಣಿ. 2017-18ರಲ್ಲಿ ನಮ್ಮ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ವಿಶ್ವಪರ್ಯಟನೆ ಮಾಡಿದ, ಗೋವಾದಲ್ಲಿ ಕಟ್ಟಿದ 'ತಾರಿಣಿ' ಸ್ಲೂಪ್. ಎರಡೂ ಕ್ಷೇಮವಾಗಿ ದಡ ಸೇರಿದವು. ಕೆಚ್‌ನಲ್ಲಿ ಒಂದೊಂದು ಹಾಯಿಯೂ ಚಿಕ್ಕದು; ಗಾಳಿ ಜೋರಾದಾಗ ಒಬ್ಬರೇ ನಿಭಾಯಿಸಬಹುದು. ಸ್ಲೂಪ್‌ನಲ್ಲಿ ತಂತಿ, ಹಗ್ಗ ಕಡಿಮೆ. ಗಾಳಿಗೆ ಎದುರಾಗಿ ಓರೆಯಲ್ಲಿ ಸಾಗುವಾಗ ಅದೇ ಚುರುಕು.

ಇನ್ನು ಕಂಬವನ್ನು ಬಿಗಿಯುವ ಬಗೆ. ಗಾಳಿ ಕಂಬವನ್ನು ಪಕ್ಕಕ್ಕೆ ತಳ್ಳುತ್ತದೆ; ಗಾಳಿ ಬರುವ ಕಡೆಯ ಉಕ್ಕಿನ ತಂತಿ ಅದನ್ನು ಹಿಡಿದಿಡುತ್ತದೆ. ಕಂಬಕ್ಕೂ ತಂತಿಗೂ ನಡುವಿನ ಕೋನ 12 ಡಿಗ್ರಿ ಎಂದುಕೊಳ್ಳಿ. ಇದರ ಸೈನ್ ಬೆಲೆ ಸುಮಾರು 0.21. ಅಂದರೆ ತುದಿಯಲ್ಲಿ 100 ಕಿಲೋ ತಳ್ಳುವಿಕೆಗೆ ತಂತಿಯಲ್ಲಿ ಸುಮಾರು 480 ಕಿಲೋ ಎಳೆತ! ಅದರ ಬಹುಭಾಗ ಕಂಬವನ್ನು ಕೆಳಕ್ಕೆ ಅದುಮುತ್ತದೆ. ತೆಳುವಾದ ಕೋಲನ್ನು ಎರಡೂ ತುದಿಗಳಿಂದ ಒತ್ತಿ ನೋಡಿ, ನಡುವೆ ಬಾಗುತ್ತದೆ. ಆಯ್ಲರ್ ತೋರಿಸಿದಂತೆ, ಆಧಾರವಿಲ್ಲದ ಉದ್ದ ಅರ್ಧವಾದರೆ ಕೋಲು ಬಾಗದೆ ತಾಳುವ ಭಾರ ನಾಲ್ಕು ಪಟ್ಟಾಗುತ್ತದೆ. ಕಂಬದ ನಡುವೆ ಅಡ್ಡತೋಳು, ಕೆಳತಂತಿಗಳನ್ನು ಕೊಡುವುದು ಇದಕ್ಕಾಗಿಯೇ.

ಕಂಬ ಹಗುರವಾದಷ್ಟೂ ದೋಣಿ ನೆಟ್ಟಗೆ ನಿಲ್ಲುತ್ತದೆ. ಕಾರ್ಬನ್ ಎಳೆಯ ಕಂಬ ಬಹಳ ಹಗುರ, ಬೆಲೆಯೂ ಬಹಳ. ಆದ್ದರಿಂದ ಹೆಚ್ಚಿನ ಯಾನಿಗಳ ಆಯ್ಕೆ ಅಲ್ಯೂಮಿನಿಯಂ.

ಇಷ್ಟೆಲ್ಲ ಲೆಕ್ಕ ಏಕೆ? 2018ರ ಸೆಪ್ಟೆಂಬರ್‌ನಲ್ಲಿ ಕಮಾಂಡರ್ ಅಭಿಲಾಷ್ ಟಾಮಿ 'ಸುಹೈಲಿ'ಯ ಮಾದರಿಯ 'ತುರೀಯ'ದಲ್ಲಿ ಒಬ್ಬರೇ ಹೋಗುತ್ತಿದ್ದಾಗ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ದೋಣಿ ಮಗುಚಿತು. ಕಂಬ ಮುರಿಯಿತು, ಅವರ ಬೆನ್ನುಮೂಳೆಗೆ ಪೆಟ್ಟಾಯಿತು. ಮೂರು ದಿನಗಳ ಬಳಿಕ ಫ್ರೆಂಚ್ ಹಡಗೊಂದು ಅವರನ್ನು ರಕ್ಷಿಸಿತು. ಇದು ಕೆಚ್‌ನ ದೋಷವಲ್ಲ. ದೋಣಿ ಮಗುಚಿದರೆ ಯಾವ ಕಂಬಕ್ಕೂ ಭರವಸೆಯಿಲ್ಲ. ಛಲ ಬಿಡದ ಟಾಮಿ ಮುಂದೆ 2022-23ರ ಅದೇ ಸ್ಪರ್ಧೆಯಲ್ಲಿ ಒಂಟಿಕಂಬದ 'ಬಯಾನತ್' ಏರಿ ಎರಡನೆಯವರಾಗಿ ಬಂದರು.

ಕಂಬ ಒಂದಿರಲಿ, ಎರಡಿರಲಿ, ಅದು ನಿಲ್ಲುವುದು ತಂತಿಗಳ ಬಲದಿಂದ. ತಂತಿ ನಿಲ್ಲುವುದು ಅದರ ತುದಿಯ ಪುಟ್ಟ ಗೂಟದ ಬಲದಿಂದ. ಜಾಣ ನಾವಿಕ ಬಂದರು ಬಿಡುವ ಮುನ್ನ ಪರೀಕ್ಷಿಸುವುದು ಆ ಗೂಟವನ್ನೇ.