ಮಣ್ಣಿನೊಳಗಿನ ಗಾಳಿ ಮತ್ತು ನಮ್ಮ ಮಳೆ
(ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ವಿಜ್ಞಾನದ ಒಂದು ವಿಷಯವನ್ನು ಎಲ್ಲರಿಗೂ ತಿಳಿಯುವಂತೆ ಹೇಳಬೇಕೆಂದು ಸಂಘಟಕರು ಕೇಳಿದ್ದಾರೆ. ನಮ್ಮ ಕಾಲ ಕೆಳಗಿನ ಮಣ್ಣನ್ನೇ ಆರಿಸಿಕೊಂಡಿದ್ದೇನೆ. ಮಳೆನೀರು ಒಣಮಣ್ಣಿಗೆ ಇಳಿಯುವಾಗ ಅಲ್ಲಿದ್ದ ಗಾಳಿ ಎಲ್ಲಿಗೆ ಹೋಗುತ್ತದೆ? ಇದೇ ಇಂದಿನ ಪ್ರಶ್ನೆ.

ಉತ್ತು ಹದ ಮಾಡಿದ ಹೊಲದ ಮಣ್ಣಿನಲ್ಲಿ ಸುಮಾರು ಅರ್ಧದಷ್ಟು ಜಾಗ ಕಣಗಳ ನಡುವಿನ ಸಂದುಗಳದ್ದು. ಅವು ಖಾಲಿ ಎಂದು ನಾವು ತಿಳಿಯುತ್ತೇವೆ. ಆದರೆ ಅಲ್ಲಿ ಗಾಳಿ ತುಂಬಿರುತ್ತದೆ. ಒಂದು ಎಕರೆಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರಾಯಿತು. ಅದಷ್ಟೂ ಇಂಗಬೇಕಾದರೆ ಹೆಚ್ಚುಕಡಿಮೆ ಅಷ್ಟೇ ಗಾಳಿ ಜಾಗ ಬಿಡಬೇಕು. ತುಂಬಿದ ಬಸ್ಸಿನಿಂದ ಇಳಿಯುವವರು ಇಳಿದರೆ ತಾನೆ ಹತ್ತುವವರಿಗೆ ಜಾಗ?

ಮಕ್ಕಳೇ, ಇದನ್ನು ನೀವೇ ಮಾಡಿ ನೋಡಬಹುದು. ಎರಡು ಪ್ಲಾಸ್ಟಿಕ್ ಬಾಟಲಿಗಳ ಮೇಲ್ಭಾಗ ಕತ್ತರಿಸಿ. ಒಂದರ ತಳಕ್ಕೆ ಮಾತ್ರ ಸಣ್ಣ ಸಣ್ಣ ತೂತು ಮಾಡಿ. ಎರಡಕ್ಕೂ ಜರಡಿ ಹಿಡಿದ ಒಣಮಣ್ಣು ತುಂಬಿ, ಮೇಲೆ ನೀರು ನಿಲ್ಲುವಷ್ಟು ಒಮ್ಮೆಲೇ ಸುರಿಯಿರಿ. ತೂತಿರುವ ಬಾಟಲಿಯಲ್ಲಿ ಒದ್ದೆಯ ಗೆರೆ ಸರಾಗವಾಗಿ ಇಳಿಯುತ್ತದೆ. ತೂತಿಲ್ಲದ್ದರಲ್ಲಿ ಅದು ನಿಧಾನವಾಗುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿ ಒತ್ತಡ ಹೆಚ್ಚಿದಂತೆ ಗುಳ್ಳೆಗಳಾಗಿ ನೀರನ್ನು ಸೀಳಿಕೊಂಡು ಮೇಲೆ ಬರುತ್ತದೆ.

ವಿಜ್ಞಾನಿಗಳು ಈ ಇಂಗುವಿಕೆಯನ್ನು ಗಣಿತದಲ್ಲಿ ಬರೆದು ನೂರು ವರ್ಷಕ್ಕೂ ಮೇಲಾಯಿತು. 1911ರಲ್ಲಿ ಆಸ್ಟ್ರೇಲಿಯಾದ ಗ್ರೀನ್ ಮತ್ತು ಆಂಪ್ಟ್ ಒಂದು ಸರಳ ಸೂತ್ರ ಕೊಟ್ಟರು. ಒದ್ದೆಯ ಗೆರೆ ಸ್ಪಷ್ಟವಾದ ಗಡಿಯಂತೆ ಕೆಳಗೆ ಸರಿಯುತ್ತದೆ ಎಂಬುದು ಅದರ ತಳಹದಿ. 1931ರಲ್ಲಿ ಅಮೆರಿಕದ ರಿಚರ್ಡ್ಸ್ ಇನ್ನೂ ವಿಸ್ತಾರವಾದ ಸಮೀಕರಣ ಬರೆದರು. ಇಂದಿನ ಕಂಪ್ಯೂಟರ್ ಲೆಕ್ಕಗಳಲ್ಲಿ ಹೆಚ್ಚಿನವು ಅದನ್ನೇ ಬಳಸುತ್ತವೆ. ಆದರೆ ಅದರಲ್ಲೊಂದು ಊಹೆ ಇದೆ: ಗಾಳಿ ಯಾವ ಅಡ್ಡಿಯೂ ಇಲ್ಲದೆ ಹೊರಟುಹೋಗುತ್ತದೆ ಎಂಬುದು. ಜಿಟಿಜಿಟಿ ಮಳೆಗೆ, ಸಡಿಲ ಮಣ್ಣಿಗೆ ಈ ಊಹೆ ಒಪ್ಪುತ್ತದೆ. ಧೋ ಎಂದು ಸುರಿದು ಹೊಲದ ತುಂಬ ನೀರು ನಿಂತಾಗ ಮೇಲಿನ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಕೆಳಗೆ ಗಟ್ಟಿ ಪದರವೋ ಅಂತರ್ಜಲವೋ ಇದ್ದರೆ ಗಾಳಿ ಎರಡರ ನಡುವೆ ಸಿಕ್ಕಿಬೀಳುತ್ತದೆ. ಆಗ ನೀರಿಗೊಂದು, ಗಾಳಿಗೊಂದು ಸಮೀಕರಣ ಬರೆದು ಎರಡನ್ನೂ ಜೊತೆಯಲ್ಲೇ ಬಿಡಿಸಬೇಕಾಗುತ್ತದೆ.

ಇದು ನಮ್ಮ ತಾಲ್ಲೂಕುಗಳಿಗೆ ಹೇಗೆ ಸಂಬಂಧ? ಹುಣಸೂರು, ಪಿರಿಯಾಪಟ್ಟಣದ ಕೆಂಪು ಮರಳುಮಿಶ್ರಿತ ಮಣ್ಣಿನಲ್ಲಿ ಹೊಗೆಸೊಪ್ಪು ಬೆಳೆಯುತ್ತೇವೆ. ಅದರ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಹೊಲದಲ್ಲಿ ನೀರು ನಿಂತರೆ ಗಿಡ ನೀರಿನ ನಡುವೆಯೇ ಬಾಡುತ್ತದೆ. ಅದಕ್ಕೇ ಬದುವಿನಂತೆ ಏರು ಮಾಡಿ ನೆಡುವುದು. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಕೆಸರು ತುಳಿದು ಸಂದುಗಳನ್ನು ಬೇಕೆಂದೇ ಮುಚ್ಚುತ್ತೇವೆ, ನೀರು ನಿಲ್ಲಲೆಂದು. ಭತ್ತದ ಗಿಡ ತನ್ನ ಕಾಂಡದೊಳಗಿನ ಗಾಳಿನಾಳಗಳಿಂದ ಬೇರಿಗೆ ಉಸಿರು ಕಳಿಸುತ್ತದೆ, ಹಾಗಾಗಿ ಬದುಕುತ್ತದೆ.

ಇನ್ನು ಎಚ್.ಡಿ. ಕೋಟೆ ಕಬಿನಿಯ ಸೀಮೆ. ಇದೇ ಕಬಿನಿ ಜಲಾನಯನದಲ್ಲಿ, ಬಂಡೀಪುರ ಕಾಡಿನ ಮೂಲೆಹೊಳೆಯ ಬಳಿ ಸುಮಾರು 4 ಚದರ ಕಿಲೋಮೀಟರಿನ ಒಂದು ಹಳ್ಳದ ಸೀಮೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಸೇರಿ ವರ್ಷಗಟ್ಟಲೆ ಅಳೆದಿದ್ದಾರೆ. ಎಷ್ಟು ಮಳೆ ಬಿತ್ತು, ಎಷ್ಟು ಹರಿಯಿತು, ಎಷ್ಟು ಇಂಗಿತು, ಗಿಡಮರ ಎಷ್ಟು ಹೀರಿತು ಎಂಬ ಲೆಕ್ಕ ಅದು. ಹೀಗೆ ಅಳೆದದ್ದರ ಮುಂದಿಟ್ಟು ನೋಡಿದಾಗಲೇ ಸಮೀಕರಣ ಎಷ್ಟು ಸರಿ ಎಂದು ಗೊತ್ತಾಗುವುದು.

ಒಂದು ಮಾತನ್ನು ರೈತ ಬಂಧುಗಳು ಮನಸ್ಸಿನಲ್ಲಿಡಬೇಕು. ಬೋರ್‌ವೆಲ್ ಆಳಕ್ಕೆ ಹೋಗುತ್ತಿರುವ ಈ ಕಾಲದಲ್ಲಿ ಎಷ್ಟು ಮಳೆ ಬಿತ್ತು ಎನ್ನುವುದರ ಜೊತೆಗೆ ಎಷ್ಟು ಒಳಗಿಳಿಯಿತು ಎಂದೂ ಕೇಳಬೇಕು. ಬರಿ ನೆಲಕ್ಕೆ ದಪ್ಪ ಹನಿ ಬಡಿದರೆ ನುಣ್ಣನೆಯ ಮಣ್ಣು ಸಂದುಗಳನ್ನು ಮುಚ್ಚಿ ಮೇಲೆ ಹೆಪ್ಪುಗಟ್ಟುತ್ತದೆ. ಆಗ ನೀರು ಇಳಿಯಲಾರದು, ಗಾಳಿ ಏಳಲಾರದು. ಮಣ್ಣು ಕೊಚ್ಚಿಕೊಂಡು ನೀರು ಲಕ್ಷ್ಮಣತೀರ್ಥದ ಪಾಲಾಗುತ್ತದೆ. ಮೇಲೆ ಸೊಪ್ಪುಸದೆಯ ಹೊದಿಕೆ, ಒಳಗೆ ಕೊಟ್ಟಿಗೆ ಗೊಬ್ಬರ, ಇಳಿಜಾರಿಗೆ ಅಡ್ಡ ಉಳುಮೆ, ಎರೆಹುಳು ಕೊರೆದ ದಾರಿ, ಇವೆಲ್ಲ ನೀರಿಗೂ ಗಾಳಿಗೂ ಬಾಗಿಲು. ಹಿರಿಯರು ‘ಹದ’ ಎನ್ನುತ್ತಿದ್ದುದು ನೀರು ಗಾಳಿ ಎರಡೂ ಮಣ್ಣಿನಲ್ಲಿ ಹಿತಮಿತವಾಗಿರುವ ಈ ಸ್ಥಿತಿಯನ್ನೇ.

ಮಕ್ಕಳೇ, ಎರಡೂ ಕಡೆ ತೆರೆದ ಒಂದು ತಗಡಿನ ಡಬ್ಬ, ಒಂದು ಅಳತೆ ಪಟ್ಟಿ, ಒಂದು ಗಡಿಯಾರ ಸಾಕು. ಡಬ್ಬವನ್ನು ನೆಲಕ್ಕೆ ನಾಲ್ಕು ಬೆರಳು ಊರಿ, ನೀರು ತುಂಬಿ, ಹತ್ತು ನಿಮಿಷಕ್ಕೆ ಎಷ್ಟು ಇಳಿಯಿತೆಂದು ಬರೆದಿಡಿ. ಆಟದ ಮೈದಾನದಲ್ಲಿ, ಮರದಡಿಯಲ್ಲಿ, ನಿಮ್ಮ ಹೊಲದಲ್ಲಿ ಅಳೆದು ಹೋಲಿಸಿ. ವರ್ಷ ವರ್ಷವೂ ಆ ಪುಸ್ತಕ ಮುಂದಿನ ತರಗತಿಯ ಕೈಗೆ ಹೋಗಲಿ. ಶಾಲೆ ನೂರು ತುಂಬುವ ಹೊತ್ತಿಗೆ ಈ ನೆಲದ ಐವತ್ತು ವರ್ಷದ ಲೆಕ್ಕ ನಮ್ಮ ಬಳಿಯೇ ಇರುತ್ತದೆ.

ಶಾಲೆಗೆ ಶುಭವಾಗಲಿ.