ಆ ಮನೆಗೆ ಸಾಲ ಎಷ್ಟಿದೆ?

ಹೋದ ಎಪಿಸೋಡ್ ಆದ ಮೇಲೆ ಬಂದ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: "ಕೊರಿಯನ್ ಡ್ರಾಮಾ ನೋಡಬೇಕು ಅಂತಿದೀನಿ, ಯಾವುದರಿಂದ ಶುರು ಮಾಡಲಿ?" ಜೊತೆಗೆ ಒಬ್ಬರು, "ನೀವು ಬರೀ ಅಳಿಸೋ ಸೀರೀಸ್‌ಗಳನ್ನೇ ಹೇಳ್ತೀರ, ಒಂದು ಲವ್ ಸ್ಟೋರಿ ಹೇಳಿ" ಅಂತ ಬೈದಿದ್ದಾರೆ. ಲವ್ ಸ್ಟೋರಿ ಬೇಕು ಅಂದ್ರೆ 'ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು' ನೋಡಿ, ಚೆನ್ನಾಗಿದೆ, ಎರಡು ವಾರಾಂತ್ಯಕ್ಕೆ ಸಾಕು. ಆಯ್ತಲ್ಲ? ಈಗ ನನ್ನ ದಾರಿಗೆ ಬರ್ತೀನಿ.

ನಾನು ಓದಿದ್ದು ಬಿಕಾಂ. ಹಾಗಾಗಿ ಏನು ನೋಡಿದ್ರೂ ಒಂದು ಚಟ ಇದೆ. ಮೂರನೇ ಎಪಿಸೋಡ್ ಒಳಗೆ ಈ ಮನೆಗೆ ಸಾಲ ಎಷ್ಟಿದೆ, ಯಾರು ತೀರಿಸ್ತಿದ್ದಾರೆ ಅಂತ ನನಗೆ ಗೊತ್ತಾಗ್ಬೇಕು. ಗೊತ್ತಾದ್ರೆ ಆ ಸೀರೀಸ್ ಪೂರ್ತಿ ನೋಡ್ತೀನಿ. ಗೊತ್ತಾಗ್ಲಿಲ್ಲ ಅಂದ್ರೆ ಹೀರೋ ಎಷ್ಟೇ ಚೆನ್ನಾಗಿದ್ರೂ ಫೋನ್ ಕಡೆ ಕೈ ಹೋಗುತ್ತೆ.

ನಮ್ಮ ಕನ್ನಡ ಧಾರಾವಾಹಿಗಳಲ್ಲಿ ಇದೊಂದೇ ವಿಷಯ ಗೊತ್ತಾಗೋದೇ ಇಲ್ಲ. ಹೀರೋ ಯಾವುದೋ 'ಗ್ರೂಪ್ ಆಫ್ ಕಂಪನೀಸ್' ಮಾಲೀಕ. ಆ ಕಂಪನಿ ಏನು ತಯಾರು ಮಾಡುತ್ತೆ? ಸೋಪಾ, ಸಿಮೆಂಟಾ? ಸಾವಿರ ಎಪಿಸೋಡ್ ಆದ್ರೂ ತಿಳಿಯಲ್ಲ. 'ಪ್ರಾಜೆಕ್ಟ್ ಕೈ ತಪ್ಪೋಯ್ತು' ಅಂತ ಎಲ್ಲರೂ ಎದೆ ಹಿಡ್ಕೊಳ್ತಾರೆ. ಅತ್ತೆ ಬಂದು ಖಾಲಿ ಪೇಪರ್ ಮೇಲೆ ಸೊಸೆ ಕೈಲಿ ಸೈನ್ ಹಾಕಿಸ್ತಾಳೆ, ಇಡೀ ಆಸ್ತಿ ಹೋಯ್ತು. ಅಮ್ಮಾ, ಸಬ್‌ರಿಜಿಸ್ಟ್ರಾರ್ ಆಫೀಸ್ ಅಂತ ಒಂದಿದೆ! ಸ್ಟಾಂಪ್ ಡ್ಯೂಟಿ, ಇಬ್ಬರು ಸಾಕ್ಷಿ, ಹೆಬ್ಬೆಟ್ಟು, ಫೋಟೋ... ಇಷ್ಟೆಲ್ಲ ಇದೆ ಅಂತ ನಾನು ಹೇಳಿದ್ರೆ ನಮ್ಮಮ್ಮ "ನೀನು ಎದ್ದು ಒಳಗೆ ಹೋಗು" ಅಂತಾರೆ.

ಆದ್ರೆ ಅವರನ್ನೂ ಪೂರ್ತಿ ದೂರಲ್ಲ. ವಾರಕ್ಕೆ ಐದಾರು ದಿನ ಒಂದೊಂದು ಎಪಿಸೋಡ್ ಕೊಡಬೇಕು, ಯಾವಾಗ ಮುಗಿಯುತ್ತೆ ಅಂತ ಬರೆಯೋರಿಗೇ ಗೊತ್ತಿಲ್ಲ. ಅಂಥ ಕಥೆಯಲ್ಲಿ 'ಇನ್ನು ಹದಿನೆಂಟು ಕಂತು ಬಾಕಿ' ಅಂತ ಹೇಳೋಕೆ ಆಗಲ್ಲ, ಯಾಕಂದ್ರೆ ಕಂತು ಮುಗಿದ್ರೆ ಕಥೆ ಮುಗಿಯುತ್ತೆ. ಕೊರಿಯಾದಲ್ಲಿ ಸಾಮಾನ್ಯವಾಗಿ ವಾರಕ್ಕೆ ಎರಡು ಎಪಿಸೋಡ್, ಒಟ್ಟು ಹದಿನಾರೋ ಇಪ್ಪತ್ತೋ. ಕೊನೆ ಎಲ್ಲಿದೆ ಅಂತ ಮೊದಲೇ ಗೊತ್ತು. ಅದಕ್ಕೇ ಅಲ್ಲಿ ಸಾಲ ಅನ್ನೋದು ಒಂದು ಪಾತ್ರ ಆಗಬಹುದು. ನಮ್ಮಲ್ಲೂ ಇಂಥ ಕಥೆ ಇಲ್ಲ ಅಂತಲ್ಲ. ಆರ್.ಕೆ. ನಾರಾಯಣ್ ಕಾದಂಬರಿ ಇಟ್ಕೊಂಡು ನಾಗಾಭರಣ ಮಾಡಿದ 'ಬ್ಯಾಂಕರ್ ಮಾರ್ಗಯ್ಯ' ನೋಡಿ, ಲೋಕೇಶ್ ಅವರದ್ದು, 1983ರ ಸಿನಿಮಾ. ಸಾಲ ಕೊಡಿಸೋನ ಕಥೆ, ಒಂದೊಂದು ರೂಪಾಯಿ ಲೆಕ್ಕ ಕಣ್ಣಿಗೆ ಕಾಣುತ್ತೆ.

ಸರಿ, ಮೊದಲನೇದು 'ರಿಪ್ಲೈ 1988'. 2015ರ ಕೊನೆಗೆ ಶುರುವಾಗಿ 2016ರ ಜನವರಿಯಲ್ಲಿ ಮುಗಿದಿದ್ದು, ಇಪ್ಪತ್ತು ಎಪಿಸೋಡ್. ಸಿಯೋಲ್‌ನ ಸಾಂಗ್ಮುನ್-ದೊಂಗ್ ಅನ್ನೋ ಬಡಾವಣೆಯ ಒಂದು ಗಲ್ಲಿ, ಐದು ಮನೆ, ಐದು ಜನ ಹುಡುಗ್ರು-ಹುಡುಗಿ. ಇದರಲ್ಲಿ ದಕ್-ಸನ್ ಅನ್ನೋ ಹುಡುಗಿಯ ಅಪ್ಪ ಬ್ಯಾಂಕ್ ನೌಕರ. ಬ್ಯಾಂಕ್ ನೌಕರ ಅಂದ್ರೆ ಆ ಕಾಲಕ್ಕೆ ಸುಖವಾಗಿರಬೇಕು, ಅಲ್ವಾ? ಆದ್ರೆ ಇವರು ಇರೋದು ಪಕ್ಕದ ಮನೆಯವರ ನೆಲಮಾಳಿಗೆಯಂಥ ಕೆಳಗಿನ ಮನೆಯಲ್ಲಿ, ಕಿಟಕಿಯಿಂದ ಓಡಾಡೋರ ಕಾಲು ಕಾಣೋ ಮನೆ. ಯಾಕೆ? ಆತ ಸ್ನೇಹಿತನಿಗೆ ಜಾಮೀನು ಹಾಕಿದ್ದ. ಸ್ನೇಹಿತ ಕೈ ಎತ್ತಿದ, ಇವನ ಸಂಬಳ ಅದಕ್ಕೇ ಹೋಗ್ತಿದೆ.

ಆ ಸಾಲ ಊಟದ ತಟ್ಟೆಗೂ ಬರುತ್ತೆ. ಇರೋ ಎರಡು ಮೊಟ್ಟೆ ಅಕ್ಕನಿಗೆ, ತಮ್ಮನಿಗೆ. ನಡುವಿನವಳಿಗೆ ಇಲ್ಲ. ಅಕ್ಕನ ಹುಟ್ಟುಹಬ್ಬದ ಕೇಕ್‌ನಲ್ಲೇ ಮೇಣದಬತ್ತಿ ಕಡಿಮೆ ಮಾಡಿ ಇವಳ ಹುಟ್ಟುಹಬ್ಬಾನೂ ಮುಗಿಸಿಬಿಡ್ತಾರೆ. ಅವಳು ಅವತ್ತು ಸಿಡಿದು ಬಿಡ್ತಾಳಲ್ಲ, ಅದು ಬರೀ ಕೇಕ್ ಜಗಳ ಅಂತ ನೋಡೋಕೆ ಆಗಲ್ಲ.

ನಾನು ಇದನ್ನ ನೋಡಿದ್ದು ಅಮ್ಮನ ಜೊತೆ. ಇಂಗ್ಲಿಷ್ ಸಬ್‌ಟೈಟಲ್ ಓದಿ ಕನ್ನಡದಲ್ಲಿ ಹೇಳೋ ಕೆಲಸ ನಂದು. (ಆ ಮಕ್ಕಳು 'ಅಪ್ಪಾ' ಅಂತ ಕೂಗಿದಾಗ ಅಮ್ಮ ನನ್ನ ಮುಖ ನೋಡಿದ್ರು. ಹೌದಮ್ಮ, ಕೊರಿಯನ್‌ನಲ್ಲೂ ಅಪ್ಪ ಅಂದ್ರೆ ಅಪ್ಪಾನೇ.) ಜಾಮೀನಿನ ವಿಷಯ ಬಂತು, ನಾನು ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಓ, ಇವನೂ ಸೈನ್ ಹಾಕಿದ್ನಾ?" ಅಂದ್ರು. 'ಇವನೂ' ಅಂತ.

ಯಾಕಂದ್ರೆ ನಮ್ಮಪ್ಪನೂ ಹಾಕಿದ್ರು. ಒಂದು ಸಹಕಾರ ಸಂಘದಲ್ಲಿ, ಜೊತೆಗೆ ಕೆಲಸ ಮಾಡೋರೊಬ್ಬರಿಗೆ. ಅವರು ವರ್ಗ ಮಾಡಿಸಿಕೊಂಡು ಹೋದ್ರು, ಕಂತು ಅಪ್ಪನ ಸಂಬಳದಲ್ಲಿ ಕಟ್ ಆಗೋಕೆ ಶುರುವಾಯ್ತು. ನಾಲ್ಕು ವರ್ಷ. ನಮಗೆ ಯಾರೂ ಹೇಳಲಿಲ್ಲ. ಟ್ಯೂಷನ್ ಯಾಕೆ ನಿಂತಿತು, ದಸರಾಗೆ ಮೈಸೂರಿಗೆ ಕರ್ಕೊಂಡು ಹೋಗ್ತೀನಿ ಅಂದಿದ್ದು ಯಾಕೆ ಆಗಲಿಲ್ಲ ಅಂತ ನನಗೆ ತಿಳಿದಿದ್ದು ದಾವಣಗೆರೆಯಲ್ಲಿ ಬಿಕಾಂ ಓದುವಾಗ. ಬಿಸಿನೆಸ್ ಲಾ ಕ್ಲಾಸ್‌ನಲ್ಲಿ ಮೇಷ್ಟ್ರು ಭಾರತೀಯ ಕರಾರು ಕಾಯ್ದೆಯ ಸೆಕ್ಷನ್ 128 ಮಾಡ್ತಿದ್ರು: ಸಾಲಗಾರನ ಹೊಣೆ ಎಷ್ಟೋ, ಜಾಮೀನುದಾರನ ಹೊಣೆಯೂ ಅಷ್ಟೇ, ಕರಾರಿನಲ್ಲಿ ಬೇರೆ ಥರ ಬರೆದಿಲ್ಲದಿದ್ರೆ. ಅಂದ್ರೆ 'ಮೊದಲು ಅವನ್ನ ಕೇಳಿ, ಆಮೇಲೆ ನನ್ನ ಹತ್ರ ಬನ್ನಿ' ಅನ್ನೋಕೆ ಸಾಮಾನ್ಯವಾಗಿ ಆಗಲ್ಲ. ಇದನ್ನ ಮನೆಗೆ ಬಂದು ಹೇಳಿದಾಗ ಅಪ್ಪ ಪೇಪರ್ ಮಡಚಿಟ್ಟು, "ಗೊತ್ತು" ಅಂದ್ರು. ಅಷ್ಟೇ.

ಇನ್ನೊಂದು ಮಜಾ ನೋಡಿ. 'ಸ್ಕ್ವಿಡ್ ಗೇಮ್' ಎಲ್ಲರೂ ನೋಡಿದ್ದೀರ, 2021ದು. ಅದರ ಗಿ-ಹುನ್, ಸಾಂಗ್-ವೂ ಇಬ್ಬರೂ ಅದೇ ಸಾಂಗ್ಮುನ್-ದೊಂಗ್‌ನವರು! ಒಂದೇ ಬಡಾವಣೆ, ಒಂದು ಕಡೆ ಜಾಮೀನು ಸಾಲ, ಇನ್ನೊಂದು ಕಡೆ ಜೂಜಿನ ಸಾಲ, ಫ್ಯೂಚರ್ಸ್ ಸಾಲ. ಆದ್ರೆ ನನಗೆ ಅದು ಅಷ್ಟಕ್ಕಷ್ಟೇ. 456 ಜನರನ್ನ ಒಂದು ಜಾಗಕ್ಕೆ ತರೋಕೆ ಸಾಲ ಒಂದು ನೆಪ, ಆಮೇಲೆ ಎಲ್ಲ ಗುಂಡು, ರಕ್ತ. ಸಾಲ ಇರೋರ ಜೀವನದಲ್ಲಿ ಹೆಚ್ಚಾಗಿ ಗುಂಡು ಹಾರಲ್ಲ. ಬೆಳಗ್ಗೆ ಫೋನ್ ಬರುತ್ತೆ. ಮಧ್ಯಾಹ್ನ ಮತ್ತೆ ಫೋನ್ ಬರುತ್ತೆ.

ಅದನ್ನ ಸರಿಯಾಗಿ ತೋರಿಸಿರೋದು 'ಮೈ ಮಿಸ್ಟರ್'. 2018, ಹದಿನಾರು ಎಪಿಸೋಡ್, ಬರೆದವರು ಪಾರ್ಕ್ ಹೇ-ಯಂಗ್, ನಿರ್ದೇಶನ ಕಿಮ್ ವೋನ್-ಸೊಕ್. ಈ ನಿರ್ದೇಶಕರ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ. ಜಿ-ಆನ್ ಇಪ್ಪತ್ತೊಂದರ ಹುಡುಗಿ, ಗಾಯಕಿ ಐಯು ಈ ಪಾತ್ರ ಮಾಡಿದ್ದಾರೆ. ಅಮ್ಮ ಬಿಟ್ಟುಹೋದ ಸಾಲ ತಲೆ ಮೇಲಿದೆ. ಕಿವಿ ಕೇಳದ, ಮಾತು ಬಾರದ ಅಜ್ಜಿ ಇದ್ದಾಳೆ. ಆಫೀಸಿನಲ್ಲಿ ಟೆಂಪರರಿ ಕೆಲಸ. ರಾತ್ರಿ ಊಟದ ಬದಲು ಆಫೀಸಿಂದ ಕದ್ದು ತಂದ ಇನ್‌ಸ್ಟಂಟ್ ಕಾಫಿ ಪೊಟ್ಟಣ ಎರಡು ಒಟ್ಟಿಗೆ ಹಾಕ್ಕೊಂಡು ಕುಡೀತಾಳೆ. ವೃದ್ಧಾಶ್ರಮದ ಬಿಲ್ ಕಟ್ಟೋಕಾಗದೆ ರಾತ್ರೋರಾತ್ರಿ ಅಜ್ಜಿಯನ್ನ ಮಂಚದ ಸಮೇತ ತಳ್ಳಿಕೊಂಡು ಬಂದುಬಿಡ್ತಾಳೆ. ಅಜ್ಜಿಗೆ ಚಂದ್ರ ನೋಡೋ ಆಸೆ, ಸೂಪರ್‌ಮಾರ್ಕೆಟ್ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೋಗ್ತಾಳೆ.

ಅದೇ ಆಫೀಸಿನ ಇಂಜಿನಿಯರ್ ದೊಂಗ್-ಹೂನ್, ನಲವತ್ತು ದಾಟಿದ ಮನುಷ್ಯ. ಈ ಪಾತ್ರ ಮಾಡಿದ ಲೀ ಸನ್-ಕ್ಯುನ್ 2023ರ ಡಿಸೆಂಬರ್‌ನಲ್ಲಿ ತೀರಿಕೊಂಡರು, ಈಗ ನೋಡಿದ್ರೆ ಇನ್ನೂ ಭಾರ ಅನಿಸುತ್ತೆ. ನನ್ನ ಮೆಚ್ಚಿನ ಸೀನ್‌ನಲ್ಲಿ ಅವನು ಅವಳಿಗೆ ದುಡ್ಡು ಕೊಡಲ್ಲ, ಅಪ್ಪಿಕೊಂಡು ಸಮಾಧಾನ ಮಾಡಲ್ಲ. ವಿಳಾಸ ಬೇರೆ ಮಾಡಿಸು, ಆಗ ಅಜ್ಜಿಯನ್ನ ಸರ್ಕಾರದ ಖರ್ಚಿನಲ್ಲಿ ಆಶ್ರಮಕ್ಕೆ ಸೇರಿಸಬಹುದು ಅಂತ ಹೇಳ್ತಾನೆ. ಇಷ್ಟೇ. ಇಷ್ಟನ್ನ ನಿನಗೆ ಇದುವರೆಗೆ ಯಾರೂ ಹೇಳಿಕೊಡಲಿಲ್ವಾ ಅನ್ನೋ ಥರ ಅವಳನ್ನ ನೋಡ್ತಾನೆ. ಯಾರೂ ಹೇಳಿರಲಿಲ್ಲ! ಅವಳಿಗೆ ಬೇಕಾಗಿದ್ದಿದ್ದು ಯಾವ ಫಾರಂ ತುಂಬಬೇಕು ಅಂತ ಹೇಳೋ ಒಬ್ಬ ಮನುಷ್ಯ. ಇದಕ್ಕಿಂತ ಒಳ್ಳೆ ಪ್ರೀತಿಯ ಸೀನ್ ನಾನು ನೋಡಿಲ್ಲ, ಅದರಲ್ಲಿ ಪ್ರೀತಿ ಅನ್ನೋ ಪದಾನೇ ಇಲ್ಲ.

ಇದನ್ನ ನೋಡಿದ ಮೇಲೆ ನಾನೂ ಎರಡು ಮಾತು ಹೇಳಲೇಬೇಕು. ಕೊರಿಯಾದಲ್ಲಿ ಅಪ್ಪ-ಅಮ್ಮನ ಸಾಲ ವಾರಸುದಾರಿಕೆಯ ಜೊತೆಗೆ ಬರುತ್ತೆ, ಬೇಡ ಅಂದ್ರೆ ಮೂರು ತಿಂಗಳ ಒಳಗೆ ಕೋರ್ಟಿಗೆ ಹೋಗಿ ಬರೆದುಕೊಡಬೇಕು. ನಮ್ಮಲ್ಲಿ ಹಾಗಲ್ಲ. ತೀರಿಹೋದವರು ಏನು ಆಸ್ತಿ ಬಿಟ್ಟುಹೋಗಿದ್ದಾರೋ ಅದರ ಮಿತಿಯಲ್ಲಿ ಮಾತ್ರ ವಾರಸುದಾರರ ಹೊಣೆ. ನೀವೇ ಸಾಲಕ್ಕೆ ಸೈನ್ ಹಾಕಿಲ್ಲ ಅಂದ್ರೆ, ನಿಮ್ಮ ಸಂಬಳದಿಂದ ಅಪ್ಪನ ಸಾಲ ತೀರಿಸು ಅಂತ ಯಾರೂ ಒತ್ತಾಯ ಮಾಡೋ ಹಾಗಿಲ್ಲ. ಎರಡನೇದು, ವಸೂಲಿ ಏಜೆಂಟರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನ್ ಮಾಡೋ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. 2025ರ ಆರಂಭದಲ್ಲಿ ಮೈಕ್ರೋಫೈನಾನ್ಸ್ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ದಿನಾ ಬರ್ತಿತ್ತಲ್ಲ, ಅದಾದ ಮೇಲೆ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯೋಕೆ ಸುಗ್ರೀವಾಜ್ಞೆ ತಂತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಇದನ್ನ ಕೇಳಿದವರು ಇನ್ನೊಬ್ಬರಿಗೆ ಹೇಳಿ.

'ಮಿಸೇಂಗ್' ಬಗ್ಗೆ ಬೇಗ ಹೇಳ್ತೀನಿ. 2014ದು, ಮತ್ತೆ ಕಿಮ್ ವೋನ್-ಸೊಕ್ ನಿರ್ದೇಶನ, ಯೂನ್ ತೇ-ಹೋ ಅವರ ವೆಬ್‌ಟೂನ್ ಆಧಾರ. ಬಾದುಕ್ ಆಟದಲ್ಲಿ ವೃತ್ತಿಪರ ಆಗೋಕೆ ಹೋಗಿ ಸೋತ ಹುಡುಗ ಜಾಂಗ್ ಗ್ರೇ ಒಂದು ಟ್ರೇಡಿಂಗ್ ಕಂಪನಿಗೆ ಸೇರ್ತಾನೆ. ಡಿಗ್ರಿ ಇಲ್ಲ, ಕಾಂಟ್ರಾಕ್ಟ್ ಕೆಲಸ. ಹಬ್ಬಕ್ಕೆ ಪರ್ಮನೆಂಟ್ ನೌಕರರಿಗೆ ಒಂದು ಥರದ ಗಿಫ್ಟ್ ಬಾಕ್ಸ್, ಇವನಿಗೆ ಅಡುಗೆ ಎಣ್ಣೆ. ನಾನು ಬೆಂಗಳೂರಲ್ಲಿ ಮೊದಲು ಕೆಲಸ ಮಾಡಿದ ಆಫೀಸಿನಲ್ಲಿ ದೀಪಾವಳಿಗೆ ನಮಗೆ ಒಂದು ಕೆಜಿ ಸ್ವೀಟ್ ಬಾಕ್ಸ್, ಹೌಸ್‌ಕೀಪಿಂಗ್‌ನವರಿಗೆ ಕಾಲು ಕೆಜಿ. ಅದೇ ಅಂಗಡಿದು, ಅದೇ ರಿಬ್ಬನ್. ಡಬ್ಬ ಮಾತ್ರ ಚಿಕ್ಕದು. ಈ ಪಾತ್ರ ಅಲ್ಲಿ ಎಷ್ಟು ಮನೆಮಾತಾಯ್ತು ಅಂದ್ರೆ, ಕಾಂಟ್ರಾಕ್ಟ್ ಅವಧಿಯನ್ನ ಎರಡು ವರ್ಷದಿಂದ ನಾಲ್ಕಕ್ಕೆ ಏರಿಸೋ ಸರ್ಕಾರದ ಪ್ರಸ್ತಾವಕ್ಕೆ ಜನ 'ಜಾಂಗ್ ಗ್ರೇ ಕಾನೂನು' ಅಂತ ಹೆಸರಿಟ್ಟು ಜಗಳ ಆಡಿದ್ರು. ನಮ್ಮ ಯಾವ ಧಾರಾವಾಹಿ ಪಾತ್ರದ ಹೆಸರಲ್ಲಿ ಹಾಗೆ ಜಗಳ ಆಗಿದೆ ಹೇಳಿ?

ಜಪಾನಿನ 'ಹಂಜಾವಾ ನಾವೊಕಿ' ಮಾತ್ರ ಪೂರ್ತಿ ಮಸಾಲೆ. ಬ್ಯಾಂಕ್ ಸಾಲ ವಾಪಸ್ ಕಿತ್ತುಕೊಂಡಿದ್ದಕ್ಕೆ ಅಪ್ಪ ಜೀವ ಕಳ್ಕೊಳ್ತಾನೆ, ಮಗ ಬ್ಯಾಂಕಿಗೇ ಸೇರಿ ಎರಡರಷ್ಟು ತೀರಿಸ್ತಾನೆ. 2013ರ ಕೊನೇ ಎಪಿಸೋಡ್‌ಗೆ ಟೋಕಿಯೋ ಸುತ್ತಮುತ್ತ 42.2 ಪರ್ಸೆಂಟ್ ರೇಟಿಂಗ್. ಕಥೆ ಬರೆದ ಇಕೆಯಿದೊ ಜುನ್ ಸ್ವತಃ ಬ್ಯಾಂಕಿನಲ್ಲಿದ್ದವರು. ಲೆಕ್ಕ ಪುಸ್ತಕ ಹಿಡ್ಕೊಂಡು ಫೈಟ್ ಸೀನ್ ಮಾಡಬಹುದು ಅಂತ ಗೊತ್ತಾಗೋಕಾದ್ರೂ ನೋಡಿ. ಅಣ್ಣಾವ್ರ ಫ್ಯಾನ್ಸ್‌ಗೂ ಇಷ್ಟ ಆಗುತ್ತೆ.

ಕೊನೇದು 'ವೆನ್ ಲೈಫ್ ಗಿವ್ಸ್ ಯು ಟ್ಯಾಂಜರಿನ್ಸ್', 2025. ಹೌದು, ಅದೇ ನಿರ್ದೇಶಕರು, ಅದೇ ಐಯು. ಜೇಜು ದ್ವೀಪ, ಬಡ ಗಂಡ-ಹೆಂಡತಿ, ಮನೆಯಲ್ಲಿ ಅಕ್ಕಿ ಮುಗಿಯೋ ಹೊತ್ತು. ಬಾಡಿಗೆ ಮನೆಯ ಅಜ್ಜ-ಅಜ್ಜಿ ಗೊತ್ತಾಗದ ಹಾಗೆ ಬಂದು ಅಕ್ಕಿ ಡಬ್ಬಕ್ಕೆ ಅಕ್ಕಿ ಸುರಿದು ಹೋಗ್ತಾರೆ. ನಮ್ಮಮ್ಮ ಇಲ್ಲಿ ಟಿವಿ ನಿಲ್ಲಿಸಿ ಒಳಗೆ ಹೋದ್ರು, ಹತ್ತು ನಿಮಿಷ ಬರಲಿಲ್ಲ.

ಇದನ್ನೆಲ್ಲ ಈಗ ಯಾಕೆ ಹೇಳ್ತಿದೀನಿ ಅಂದ್ರೆ, ಹೋದ ತಿಂಗಳು ನನಗೆ ತುಂಬಾ ಹತ್ತಿರದವರೊಬ್ಬರು ಶ್ಯೂರಿಟಿ ಹಾಕ್ತೀಯಾ ಅಂತ ಕೇಳಿದ್ದಾರೆ. ಆರು ಲಕ್ಷ, ಐದು ವರ್ಷ. ಒಳ್ಳೆಯವರು, ನನ್ನ ಕಷ್ಟಕ್ಕೆ ಆದವರು. ಸೆಕ್ಷನ್ 128 ನನಗೆ ಬಾಯಿಪಾಠ. ಆದ್ರೂ ಇಲ್ಲ ಅನ್ನೋಕೆ ಬಾಯಿ ಬರ್ತಿಲ್ಲ. ಅಪ್ಪನ ಹತ್ರ ಕೇಳಿದೆ. ಬೈತಾರೆ ಅಂದ್ಕೊಂಡಿದ್ದೆ. "ಅವರಿಗೆ ಸಂಬಳ ಎಷ್ಟು, ಬೇರೆ ಸಾಲ ಏನಿದೆ, ಕೇಳಿದೀಯಾ?" ಅಂದ್ರು. ಕೇಳಿಲ್ಲ ಅಂದೆ. "ನಾನೂ ಕೇಳಿರಲಿಲ್ಲ" ಅಂತ ಹೇಳಿ ವಾಕಿಂಗ್‌ಗೆ ಹೋದ್ರು.

ಈ ಭಾನುವಾರ ಅವರನ್ನ ಭೇಟಿ ಮಾಡ್ತಿದೀನಿ. ಸ್ಯಾಲರಿ ಸ್ಲಿಪ್ ತಗೊಂಡು ಬನ್ನಿ ಅಂತ ಮೆಸೇಜ್ ಟೈಪ್ ಮಾಡಿ ಇಟ್ಟಿದೀನಿ, ಇನ್ನೂ ಕಳಿಸಿಲ್ಲ. ಇದನ್ನ ರೆಕಾರ್ಡ್ ಮಾಡಿ ಮುಗಿಸಿ ಕಳಿಸ್ತೀನಿ. ನಿಮ್ಮ ಮನೇಲೂ ಯಾರಾದ್ರೂ ಹೀಗೆ ಸೈನ್ ಹಾಕಿದ್ರೆ, ಏನಾಯ್ತು ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಹೆಸರು ಹೇಳಬೇಡಿ. ಮುಂದಿನ ವಾರ ಸಿಗ್ತೀನಿ.