ನಿಜಾಮರ ಸೀಮೆಯ ಗಾಜಿನ ಚಿತ್ರಗಳು

1948ರವರೆಗೂ ಇದ್ದ ಹೈದರಾಬಾದ್ ನಿಜಾಮರ ಸೀಮೆಯ ಮುಖ ಹೇಗಿತ್ತೆಂದು ಇಂದಿಗೂ ಕಣ್ಣಾರೆ ಕಾಣಿಸುವವರಲ್ಲಿ ಛಾಯಾಗ್ರಾಹಕ ಲಾಲಾ ದೀನ್ ದಯಾಳ್ ಮುಖ್ಯರು.

ಅವರು ದಖ್ಖನಿನವರಲ್ಲ. 1844ರಲ್ಲಿ ಮೀರತ್ ಬಳಿಯ ಸರ್ಧಾನದಲ್ಲಿ ಹುಟ್ಟಿ, ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, ಇಂದೋರಿನಲ್ಲಿ ನಕ್ಷೆ ಬರೆಯುತ್ತಿದ್ದವರು. ಕ್ಯಾಮೆರಾ ಕೈಹಿಡಿಯಿತು, ಸರ್ಕಾರಿ ನೌಕರಿ ಬಿಟ್ಟರು. ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು, ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾದರು.

1892ರಲ್ಲಿ ಅವರು ಹೈದರಾಬಾದಿನಲ್ಲಿ ಜನಾನಾ ಸ್ಟುಡಿಯೋ ತೆರೆದದ್ದು ಎಲ್ಲಕ್ಕಿಂತ ದೊಡ್ಡ ಮಾತು. ಪರದೆಯ ಹೆಣ್ಣುಮಕ್ಕಳಿಗಾಗಿಯೇ ಎತ್ತರದ ಗೋಡೆಗಳು. ಕ್ಯಾಮೆರಾದ ಹಿಂದೆಯೂ ಹೆಣ್ಣೇ, ಕೆನ್ನಿ ಲೆವಿಕ್ ಎಂಬಾಕೆ.

ದೀನ್ ದಯಾಳರ ಮಕ್ಕಳಾದ ಜ್ಞಾನಚಂದ್, ಧರ್ಮಚಂದ್ ಕೂಡ ಇದೇ ಕಸುಬು ಹಿಡಿದರು. 1905ರಲ್ಲಿ ತಂದೆ ತೀರಿಕೊಂಡರು. ಬಿಳಿ ಕಪ್ಪಾಗಿ, ಕಪ್ಪು ಬಿಳಿಯಾಗಿ ಮೂಡಿದ ಅವರ ಸಾವಿರಾರು ಗಾಜಿನ ನೆಗೆಟಿವ್‌ಗಳು ಈಗ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ.